ನಾನು ತಿದ್ದಿದ ಅತ್ತೆಯ ಪದ

ಇವತ್ತು ಟಿ. ನರಸೀಪುರದ ನಮ್ಮ ಶಾಲೆಯಲ್ಲಿ ನೋಟ್‌ಬುಕ್ ತಿದ್ದುತ್ತಿದ್ದೆ. ಒಬ್ಬ ಹುಡುಗಿ ಹೊಲ ಎನ್ನುವುದನ್ನು ಮನೆಯಲ್ಲಿ ಆಡುವ ಹಾಗೇ ‘ಒಲ’ ಎಂದು ಬರೆದಿದ್ದಳು. ಕೆಂಪು ಪೆನ್ನು ಅಲ್ಲೇ ನಿಂತುಬಿಟ್ಟಿತು.

ನನ್ನ ಸೋದರತ್ತೆ ಬದನವಾಳಿನಲ್ಲಿ ಖಾದಿ ನೂಲು ತೆಗೆಯುತ್ತಿದ್ದಳು. ಅವಳು ಹತ್ತಿರ ಬಂದರೆ ಹತ್ತಿಯ ವಾಸನೆ. ಸಂಜೆ ಕೆಲಸ ಬಿಟ್ಟವಳು ಊರಾಚೆಯ ನಮ್ಮ ತುಂಡು ಹೊಲಕ್ಕೆ ನಡೆದುಹೋಗಿ, ಬದುವಿನ ಮೇಲೆ ಸುಮ್ಮನೆ ನಿಂತು ಬರುತ್ತಿದ್ದಳು. ಯಾರಿಗೂ ತೋರಿಸದೆ ಎರಡೆರಡು ಸಾಲಿನ ಕವನ ಬರೆಯುತ್ತಿದ್ದಳು. ನಾನಾಗ ಹೈಸ್ಕೂಲಿನಲ್ಲಿದ್ದೆ; ಉಪಮೆ, ರೂಪಕಗಳನ್ನು ಬಾಯಿಪಾಠ ಮಾಡಿಕೊಂಡ ಜಂಬದವಳು.

ಒಂದು ದಿನ ಚೀಟಿಯೊಂದನ್ನು ಕೊಟ್ಟು, “ನಿನ್ ಅಕ್ಸರ ದುಂಡಗದೆ ಕಣ್ ಮಗ. ಚೆಂದಾಗಿ ಬರ್ಕೊಡು, ನಂಜನಗೂಡ್ಗೆ ಕಳಿಸ್ಬೇಕು” ಎಂದಳು. ಯಾರಿಗೆ ಎಂದು ಕೇಳಿದ್ದಕ್ಕೆ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು.

ನೀನು ನನ್ನ ಒಲ,
ದೂರ ಇದ್ರೂ ದಿನಾ ನೋಡ್ಬೇಕು.

“ಒಲ ಅಲ್ಲ ಅತ್ತೆ, ಒಲವು ಅನ್ಬೇಕು. ಇದ್ರಲ್ಲಿ ಒಂದು ಅಲಂಕಾರಾನೂ ಇಲ್ವಲ್ಲ!” ಎಂದು ತಿದ್ದಿಯೇ ಬರೆದುಕೊಟ್ಟೆ.

ಅತ್ತೆ ಆ ಪದವನ್ನೇ ತುಸು ಹೊತ್ತು ನೋಡಿದಳು. “ಓದ್ದೋಳು ನೀನು, ಸರಿಯಾಗೇ ಇರ್ತದೆ ಬುಡು” ಎಂದು ಲಕೋಟೆಗೆ ಹಾಕಿದಳು.

ಉತ್ತರ ಬರಲಿಲ್ಲ. ಅಂಚೆಯವನ ಸೈಕಲ್ ಬೆಲ್ ಕೇಳಿದಾಗಲೆಲ್ಲ ಎದ್ದು ಬಾಗಿಲಿಗೆ ಬರುತ್ತಿದ್ದಳು. ಕೊನೆಗೊಂದು ದಿನ ಬರುವುದನ್ನೂ ಬಿಟ್ಟಳು. ಕವನವನ್ನೂ ಬಿಟ್ಟಳು.

ಇಷ್ಟು ವರ್ಷ ಮಕ್ಕಳಿಗೆ ರೂಪಕ ಪಾಠ ಮಾಡಿದ ನನಗೆ ಇವತ್ತು ಹೊಳೆಯಿತು. ಅತ್ತೆ ಅವನನ್ನು ತನ್ನ ಹೊಲ ಎಂದಿದ್ದಳು.

ಆ ಹುಡುಗಿಯ ‘ಒಲ’ವನ್ನು ತಿದ್ದಲು ಕೈ ಬರಲಿಲ್ಲ.