ಅಜ್ಜಿ ಕಷಾಯ ಚೆಲ್ಲಿದ್ದು

ಕಾಫಿ ಕೊಯ್ಲು ಮುಗಿಯಿತೆಂದರೆ ಆ ಕಾಲದಲ್ಲಿ ನಮ್ಮ ಎಸ್ಟೇಟಿಗೆ ಎಸ್ಟೇಟೇ ಹೊಟ್ಟೆ ಕೆಡಿಸಿಕೊಳ್ಳುತ್ತಿತ್ತು. ಬಾಳೂರಿನ ಕಡೆ ಬಿಳಿ ದೊರೆಗಳ ತೋಟಗಳಿದ್ದ ದಿನಗಳು ಅವು. ಅಪ್ಪ ಅಂಥದೊಂದು ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಕೊಯ್ಲಿನ ಕೊನೆಗೆ ಕಾಫಿ ಒಣಗಿಸುವ ಕಣವನ್ನು ಗುಡಿಸಿ, ಅಲ್ಲೇ ಎಲೆ ಹಾಕಿ ಎಲ್ಲರಿಗೂ ಊಟ. ಕುಂಬಳಕಾಯಿ ಹುಳಿ, ಕಡಲೆಬೇಳೆ ಪಾಯಸ, ಬಾಣಲೆಯಿಂದ ನೇರ ಎಲೆಗೆ ಬೀಳುವ ವಡೆ. ವರ್ಷವಿಡೀ ಗಂಜಿ ಉಂಡವರು ಅವತ್ತು ಹಟ ಹಿಡಿದು ಉಣ್ಣುತ್ತಿದ್ದರು. ಮಾರನೆಯ ಬೆಳಿಗ್ಗೆ ಅಜ್ಜಿಯ ಕಷಾಯಕ್ಕೆಂದು ನಮ್ಮ ಜಗಲಿಗೆ ಬರುತ್ತಿದ್ದರು.

ಕಷಾಯದಲ್ಲಿ ಗುಟ್ಟೇನೂ ಇರಲಿಲ್ಲ. ಜೀರಿಗೆ, ಓಮ, ಜಜ್ಜಿದ ಶುಂಠಿ, ಚೂರು ಬೆಲ್ಲ. ಸಬ್ಬಸಿಗೆ ಬೀಜವೂ ಇತ್ತೆಂದು ಅಣ್ಣ ವಾದಿಸುತ್ತಿದ್ದ. ಇದ್ದರೂ ಇರಬಹುದು, ನನ್ನ ನೆನಪಿನಲ್ಲಿ ಓಮದ ಘಾಟು ಉಳಿದದ್ದೆಲ್ಲವನ್ನೂ ಮುಚ್ಚಿಹಾಕಿದೆ. ಆದರೆ ಕೊಡುವುದರಲ್ಲಿ ಅಜ್ಜಿ ಬಲು ಜಿಪುಣಿ. ದೊಡ್ಡವರಿಗೆ ಅರ್ಧ ಲೋಟ, ಚಿಕ್ಕ ಮಕ್ಕಳಿಗೆ ಒಂದು ಒಳಲೆ. ಬಸುರಿಯರಿಗೆ ಓಮ ಹಾಕಿದ್ದು ಇಲ್ಲವೇ ಇಲ್ಲ. ಸಂಜೆಯೊಳಗೆ ಗುಣ ಕಾಣದಿದ್ದರೆ ಇನ್ನೊಂದು ಲೋಟವಲ್ಲ, ಮೂಡಿಗೆರೆ ಆಸ್ಪತ್ರೆ.

ಲೋಟ ಕೈಗೆ ಬರುವ ಮೊದಲು ನೋವು ಎಲ್ಲಿ ಎಂದು ತೋರಿಸಬೇಕಿತ್ತು. ಅಂಗೈಯನ್ನು ಹೊಟ್ಟೆಯ ಮೇಲೆಲ್ಲ ಸವರಿದರೆ ಕಷಾಯ. ಒಂದೇ ಬೆರಳಿಟ್ಟು "ಇಲ್ಲಿ" ಅಂದರೆ ಆಸ್ಪತ್ರೆ. ಈ ಲೆಕ್ಕ ಎಲ್ಲ ಹೊಟ್ಟೆಗೂ ಸರಿಹೋಗುತ್ತದೆಂದು ಓದಿಕೊಂಡ ನಾನು ಈಗ ಹೇಳಲಾರೆ. ಆಗ ಮಾತ್ರ ನಮಗೆಲ್ಲ ಅದು ಬಾಯಿಪಾಠವಾಗಿತ್ತು. ಆಸ್ಪತ್ರೆಯೆಂದರೆ ಸೂಜಿ, ಆದ್ದರಿಂದ ಮಕ್ಕಳಾರೂ ಬೆರಳು ತೋರಿಸುತ್ತಿರಲಿಲ್ಲ.

ನಾನು ಎಂಟೊಂಬತ್ತು ವರ್ಷದವಳಿದ್ದಿರಬೇಕು. ಆ ಸಲದ ಸಾಲಿನಲ್ಲಿ ನನ್ನ ಅಣ್ಣ ಮಹಾದೇವನೂ ನಿಂತಿದ್ದ. ಸರದಿ ಬಂದಾಗ ಅಂಗೈಯನ್ನು ಚೆನ್ನಾಗಿ ಸವರಿದ.

"ನಿನ್ನೆ ಎಷ್ಟು ವಡೆ ತಿಂದ್ಯ ಮಾರಾಯ?"

"ಎಣಿಸ್ಲಿಲ್ಲ ಅಜ್ಜಿ."

ಲೋಟ ನೀಡುತ್ತಿದ್ದ ಅಜ್ಜಿಯ ಕೈ ನಿಂತಿತು. ಅವನು ಬಲಕ್ಕೆ ಬಾಗಿ ನಿಂತಿದ್ದ. ಅಜ್ಜಿ ಅವನ ಹಿಂದೆ ನಿಂತಿದ್ದ ಕೂಲಿಯಾಳುಗಳ ಮೇಸ್ತ್ರಿಯತ್ತ ಕೈ ತೋರಿದಳು.

"ಈ ಮೇಸ್ತ್ರಿ ನಿನ್ನೆ ಎಂತ ಮಾಡ್ದ ಗೊತ್ತಾ? ಪಾಯಸ ಸಾಕು ಸಾಕು ಅಂತ ಎಲೆ ಮೇಲೆ ಕೈ ಅಡ್ಡ ಹಿಡ್ದ. ಬೆರಳು ಮಾತ್ರ ಅಗಲ ಬಿಟ್ಕಂಡಿದ್ದ!"

ಸಾಲೆಲ್ಲ ಗೊಳ್ಳೆಂದಿತು. "ಸಂದಿ ನೋಡಿ ಬಡಿಸಿದ್ದು ನೀವೇ ಅಲ್ವಾ ಅಮ್ಮಾ?" ಎಂದ ಮೇಸ್ತ್ರಿ. ನಗಲು ಹೊರಟ ಅಣ್ಣ ಬಲಗಡೆ ಕಿಬ್ಬೊಟ್ಟೆ ಹಿಡಿದು ಕುಸಿದ.

"ನಗಿಸ್ಬೇಡ ಅಜ್ಜಿ, ಸಾಯ್ತೀನಿ."

"ನಂಗೇ ಸುಳ್ಳು ಅಂಗೈ ತೋರಿಸ್ತೀಯಾ?" ಅಜ್ಜಿಯ ದನಿ ಬದಲಾಗಿತ್ತು.

ಅಮ್ಮ ಒಳಗಿಂದ ಓಡಿ ಬಂದಳು. "ಅತ್ತೆ, ಬಿಸಿ ಇರುವಾಗ್ಲೇ ಕುಡಿಸ್ಬಿಡಿ. ಬೇಕಾದ್ರೆ ಹರಳೆಣ್ಣೆ ಹಾಕಿ, ಹೊಟ್ಟೆ ತೊಳ್ದು ಹೋಗ್ಲಿ."

"ನೀರೂ ಕೊಡೂದಿಲ್ಲ."

"ಊರಿಗೆಲ್ಲ ಕೊಡ್ತೀರಿ, ಮೊಮ್ಮಗನಿಗೆ ಇಲ್ವಾ?"

"ಯಾರ ಮೊಮ್ಮಗ ಆದ್ರೂ ಇಲ್ಲ. ನನ್ನ ಕಷಾಯ ಇರೂದು ತಿಂದು ಕೆಟ್ಟ ಹೊಟ್ಟೆಗೆ. ಇದು ತಿಂದು ಬಂದದ್ದಲ್ಲ ಕಣೇ."

ಅಮ್ಮ ಅಳುತ್ತ ಪಾತ್ರೆಗೆ ಕೈ ಹಾಕಿದಳು. ಅಜ್ಜಿ ಅದನ್ನು ಎತ್ತಿ ಅಂಗಳಕ್ಕೆ ಚೆಲ್ಲಿಬಿಟ್ಟಳು. ಇಬ್ಬನಿಗೆ ತೊಯ್ದ ಮಣ್ಣಿನಿಂದ ಹಬೆ ಎದ್ದಿತು. ಸಾಲಿನಲ್ಲಿದ್ದವರು ತಮ್ಮ ಹೊಟ್ಟೆನೋವು ಮರೆತರು.

ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ತುಂಬಿ ಹೊರಟಿದ್ದ ಲಾರಿಯನ್ನು ಅಪ್ಪ ತಡೆದು, ಮೂಟೆ ಇಳಿಸಿ, ಅಣ್ಣನನ್ನು ಮಲಗಿಸಿಕೊಂಡು ಹೋದರು. ಮೂಡಿಗೆರೆಯ ಡಾಕ್ಟರು ಚಿಕ್ಕಮಗಳೂರಿಗೆ ಕಳಿಸಿದರು. ಅಪೆಂಡಿಕ್ಸ್. ಹೊಟ್ಟೆ ಕೊಯ್ಯುವ ಮೊದಲು ಅಲ್ಲಿನವರು ಕೇಳಿದ್ದು ಒಂದೇ ಮಾತಂತೆ: "ಮನೆಯಲ್ಲಿ ಏನಾದ್ರೂ ಕುಡಿಸಿದ್ದೀರಾ? ಭೇದಿ ಆಗ್ಲಿ ಅಂತ ಕೊಟ್ಟಿದ್ದೀರಾ?" ಇಲ್ಲವೆಂದಾಗ ಡಾಕ್ಟರು ನೆಮ್ಮದಿಯ ಉಸಿರು ಬಿಟ್ಟರೆಂದು ಅಪ್ಪ ಹೇಳುತ್ತಿದ್ದರು. ಅಣ್ಣ ಮನೆಗೆ ಬರುವ ತನಕ ಅಮ್ಮ ಅಜ್ಜಿಯೊಡನೆ ಮಾತಾಡಲಿಲ್ಲ. ಬಂದ ದಿನ ಮಾತಾಡಿದ್ದೂ ಸಾರಿಗೆ ಉಪ್ಪು ಎಷ್ಟು ಹಾಕಲಿ ಎಂದು ಕೇಳಲು.

ಅಜ್ಜಿ ಅಣ್ಣನನ್ನು ನಗಿಸಿದ್ದು ನೋವು ಎಲ್ಲಿದೆಯೆಂಬ ಪರೀಕ್ಷೆಗೆಂದೇ ನಾನು ನಂಬಿದ್ದೆ. ಕಾಲೇಜಿನಿಂದ ರಜೆಗೆ ಬಂದಾಗ ಕೇಳಿದೆ. "ಎಂತ ಪರೀಕ್ಷೆ? ಮೇಸ್ತ್ರಿ ಮೇಲೆ ಸಿಟ್ಟಿತ್ತು ನಂಗೆ," ಅಂದಳು. ಯಾವುದು ನಿಜವೋ ಗೊತ್ತಿಲ್ಲ. ಕಷಾಯ ಚೆಲ್ಲಿದ್ದನ್ನು ಮಾತ್ರ ನನ್ನ ಕಣ್ಣಾರೆ ಕಂಡಿದ್ದೇನೆ.

ಈಗಲೂ ಹೊಟ್ಟೆ ಉಬ್ಬರಿಸಿದರೆ ಜೀರಿಗೆ, ಓಮ ಕುದಿಸಿ ಕುಡಿಯುತ್ತೇನೆ, ಹಿತವಾಗುತ್ತದೆ. ಮೂಡಿಗೆರೆಯ ಅಂಗಡಿಗಳಲ್ಲಿ ಅದರ ಪುಡಿಯೇ ಸಿಗುತ್ತದೆ, ಯಾವ ಯಾವ ನೋವಿಗೆಂದು ಪೊಟ್ಟಣದ ಮೇಲೆ ಅಚ್ಚಾಗಿರುತ್ತದೆ. ದೂರದೂರಿನ ಮಗಳು ಫೋನಿನಲ್ಲಿ ಹೊಟ್ಟೆನೋವು ಎಂದರೆ ನನ್ನ ಬಾಯಿಗೂ ಮೊದಲು ಬರುವುದು "ಕಷಾಯ ಕುಡಿ" ಎಂಬ ಮಾತೇ. ಆಮೇಲೆ ಗಾಬರಿಯಾಗಿ ಇನ್ನೊಮ್ಮೆ ಫೋನ್ ಮಾಡುತ್ತೇನೆ. ಅವಳು ನೆಟ್ಟಗೆ ನಿಂತಿದ್ದಾಳೋ ಬಲಕ್ಕೆ ಬಾಗಿ ನಿಂತಿದ್ದಾಳೋ ನನಗೆ ಕಾಣುವುದಿಲ್ಲ.