ಸ್ಯಾಂಪಲ್‌ಗೆ ಇಟ್ಟ ಅಮ್ಮ

ಖಾಲಿ ಫ್ರೇಮು ತೋರಿಸಿದರೆ ಗಿರಾಕಿಗಳು ಮೂಗು ಮುರಿಯುತ್ತಾರೆಂದು ಫ್ರೇಮಿನಂಗಡಿಯವನು ತನ್ನ ಅಮ್ಮನ ಫೋಟೋವನ್ನೇ ರಾಶಿ ಪ್ರಿಂಟು ಹಾಕಿಸಿ, ಎಲ್ಲ ಫ್ರೇಮುಗಳಿಗೂ ತುಂಬಿದ್ದ. ಕೊಂಡವರು ಮನೆಗೆ ಹೋಗಿ ಅಮ್ಮನನ್ನು ಕಿತ್ತು ತಮ್ಮವರನ್ನು ಇಟ್ಟುಕೊಳ್ಳುತ್ತಿದ್ದರು. ಹೀಗೆ ಆ ತಾಯಿ ಅರ್ಧ ಊರಿನ ಕಸದಬುಟ್ಟಿ ಕಂಡಿದ್ದಳು. ಮರದ ಹೊಟ್ಟಿಗೆ ಸೀನು ಬರುತ್ತದೆಂದು ಆಕೆ ಅಂಗಡಿಯ ಕಡೆ ತಲೆಹಾಕುತ್ತಿರಲಿಲ್ಲ, ಸದ್ಯ.

ಒಂದು ಬೆಳಿಗ್ಗೆ ಪೇಪರಿನಲ್ಲಿ ಅವಳ ಮುಖ ಬಂತು. ಹೆಸರಾಂತ ಪಿಟೀಲು ವಾದಕರೊಬ್ಬರು ಇಳಿವಯಸ್ಸಿನಲ್ಲಿ ಕುಂಚ ಹಿಡಿದು ಬರೆದ ‘ನನ್ನ ತಾಯಿ, ನೆನಪಿನಿಂದ’ ಎಂಬ ಚಿತ್ರವಂತೆ. ಇದು ಯಾವುದೋ ಫೋಟೋದ ನಕಲು ಎಂದು ಒಬ್ಬ ವಿಮರ್ಶಕ ಹರಿಹಾಯ್ದಿದ್ದ. ಆ ಗಂಟಿಕ್ಕಿದ ಹುಬ್ಬಿನಲ್ಲಿ ಜಗತ್ತಿನ ದುಃಖವೆಲ್ಲ ಹೆಪ್ಪುಗಟ್ಟಿದೆ, ಅದು ನಕಲಿಗೆ ದಕ್ಕುವಂಥದ್ದಲ್ಲ ಎಂದು ಇನ್ನೊಬ್ಬ ವಾದಿಸಿದ್ದ. ಅಸಲಿಗೆ ಆ ಫೋಟೋ ತೆಗೆಯುವಾಗ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಮಗ ಅಲ್ಲಾಡಬೇಡ ಎನ್ನುತ್ತ ಕ್ಯಾಮೆರಾ ಹಿಡಿದು ನಿಂತಿದ್ದ.

ಅಮ್ಮ ಪೇಪರು ಹಿಡಿದು ಬಂದು ಕೇಳಿದಾಗ ಅವನು ಎಲ್ಲ ಬಾಯಿಬಿಟ್ಟ. ಅಲ್ಲಿಗೆ ಅವಳ ಮಾತು ನಿಂತಿತು. ತಟ್ಟೆ ಕುಕ್ಕಿ ಬಡಿಸಿದಳು, ಚಪ್ಪಲಿ ಮೆಟ್ಟಿ ಆ ಚಿತ್ರವಿದ್ದ ಪ್ರದರ್ಶನಕ್ಕೆ ಹೊರಟಳು. ಮಗ ತಲೆ ತಗ್ಗಿಸಿಕೊಂಡು ಹಿಂದೆ ಹೋದ.

ಚಿತ್ರದ ಪಕ್ಕದಲ್ಲಿ ಹುಬ್ಬು ಗಂಟಿಕ್ಕಿ ನಿಂತವಳನ್ನು ವಿಮರ್ಶಕರಿಬ್ಬರೂ ಸುತ್ತಿ ಸುತ್ತಿ ನೋಡಿದರು. ಅಲ್ಲಿಯವರೆಗೆ ಕಿತ್ತಾಡಿದವರು ಈಗ ಒಂದಾದರು: ಈಕೆ ಚಿತ್ರ ನೋಡಿ ಅದರಂತೆಯೇ ತಯಾರಾಗಿ ಬಂದಿದ್ದಾಳೆ, ಹುಬ್ಬು ಪರವಾಗಿಲ್ಲ, ಮೂಗು ಮಾತ್ರ ಹೊಂದುವುದಿಲ್ಲ. ತನ್ನ ಅಮ್ಮ ಎಂದು ತೋರಿಸಲು ಮಗನ ಬಳಿ ಒಂದು ಫೋಟೋವೂ ಇರಲಿಲ್ಲ. ಇದ್ದದ್ದನ್ನೆಲ್ಲ ಅಂಗಡಿಯ ಫ್ರೇಮುಗಳಿಗೆ ತುಂಬಿ ಮಾರಾಟಕ್ಕಿಟ್ಟಿದ್ದ. ಅವನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಗದ್ದಲ ಕೇಳಿ ಬಂದ ಪಿಟೀಲಿನವರು ಅವಳನ್ನು ಕಂಡು ಗರಬಡಿದು ನಿಂತರು.

"ನಮ್ಮಮ್ಮಂದು ಒಂದು ಫೋಟೋನೂ ಇಲ್ಲ ತಾಯಿ," ಎಂದರು ಮೆಲ್ಲಗೆ. "ಕೊಂಡು ತಂದ ಫ್ರೇಮಲ್ಲಿ ನೀವಿದ್ರಿ. ತೆಗೆಯೋಕೆ ಮನಸ್ಸು ಬರಲಿಲ್ಲ. ದಿನಾ ನೋಡ್ತಾ ನೋಡ್ತಾ ಇವರೇ ನಮ್ಮಮ್ಮ ಅಂದ್ಕೊಂಡ್‌ಬಿಟ್ಟೆ."

"ಇರಲಿ ಬಿಡಪ್ಪ," ಎಂದಳು ಅಮ್ಮ. "ನೀನಾದ್ರೂ ಗೋಡೆ ಮೇಲೆ ಇಟ್ಕೊಂಡೆ."

ಮಗನ ಕಡೆ ತಿರುಗಿಯೂ ನೋಡಲಿಲ್ಲ.

ಮರುದಿನ ಅವನು ಅಂಗಡಿಯ ಒಳ್ಳೆಯ ಮರ ಹುಡುಕಿ ಫ್ರೇಮು ಮಾಡಿದ. ಗೋಗರೆದು ಅಮ್ಮನನ್ನು ಕೂರಿಸಿ ಫೋಟೋ ತೆಗೆದ. ಅವಳು ಕೂತಳು, ನಗಲಿಲ್ಲ. ಫೋಟೋವನ್ನು ನಡುಮನೆಯಲ್ಲಿ ನೇತುಹಾಕಿ, ಕೈ ತೊಳೆದು ಬರುವಷ್ಟರಲ್ಲಿ ಅಮ್ಮ ಸ್ಟೂಲು ಹತ್ತಿ ಗಾಜಿನ ಮೂಲೆಗೆ ಒಂದು ಚೀಟಿ ಅಂಟಿಸುತ್ತಿದ್ದಳು: ‘ಮಾರಾಟಕ್ಕಿಲ್ಲ.’

"ನೆಟ್ಟಗಿದ್ಯಾ ನೋಡು," ಎಂದಳು ಮಗನಿಗೆ.