ನಾಲ್ಕನೇ ಮೇಜಿನ ಬಾಡಿಗೆ

ಆರ್ವೊ ಲೆಹ್ತಿನೆನ್ ಜಿಪುಣನಲ್ಲ. ಸಾವಿನ ಮನೆಗೆ ಹೂವು, ಮದುವೆ ಮನೆಗೆ ಉಡುಗೊರೆ ಎಲ್ಲವನ್ನೂ ಕೈಬಿಚ್ಚಿ ಕೊಡುವವನೇ. ಆದರೆ ಕೋಲಿನಿಂದ ಚೆಂಡು ಹೊಡೆದು ಆಡುವ ಪೂಲ್ ಹಾಲಿನ ಬಾಗಿಲು ದಾಟಿದನೋ, ಆಸಾಮಿಯೇ ಬೇರೆ. ಥಂಡರ್ ಬೇ ಊರಿನ ಆ ಹಾಲಿನಲ್ಲಿ ಮೇಜಿಗೆ ಗಂಟೆಗಿಷ್ಟು ಎಂದು ಬಾಡಿಗೆ. ಬೇರೆ ಮೇಜಿನವರು ಅದನ್ನು ಸಮನಾಗಿ ಹಂಚಿಕೊಂಡು ನಗುನಗುತ್ತಾ ಮನೆಗೆ ಹೋಗುತ್ತಿದ್ದರು. ನಾಲ್ಕನೇ ಮೇಜಿನಲ್ಲಿ ಮಾತ್ರ ಹೆಚ್ಚು ಆಟ ಸೋತವನೇ ಆ ಮಧ್ಯಾಹ್ನದ ಪೂರ್ತಿ ಬಾಡಿಗೆ ತೆರಬೇಕು. ಈ ಪದ್ಧತಿ ತಂದವನು ಆರ್ವೊ.

“ಹಂಚ್ಕೊಂಡು ಆಡೋ ಆಸೆ ಇದ್ರೆ ಚರ್ಚಿಗೆ ಹೋಗಿ ಬಿಂಗೋ ಆಡ್ರಪ್ಪ. ಕೊನೇಲಿ ಕಾಫಿ ಬಿಸ್ಕತ್ತೂ ಕೊಡ್ತಾರೆ,” ಎನ್ನುತ್ತಿದ್ದ.

ಪದ್ಧತಿ ತಂದವನಿಗೆ ಅದರ ಬಿಸಿ ತಟ್ಟಿದ್ದೇ ಅಪರೂಪ. ಕಾಗದದ ಕಾರ್ಖಾನೆಯಲ್ಲಿ ಯಂತ್ರ ಬಿಚ್ಚಿ ಜೋಡಿಸುತ್ತಿದ್ದ ಕೈ ಅದು, ಕಲ್ಲಿನ ಹಾಗೆ ನಿಲ್ಲುತ್ತಿತ್ತು. ಗುರುವಾರ ಬಂತೆಂದರೆ ಬಾಡಿಗೆ ಕೊಡುವವನು ಒಂದೋ ಓರೆಸ್ಟ್, ಇಲ್ಲವೇ ಡೋನಾ ಜೆರ್ವೆ. ಇಬ್ಬರೂ ಅದೇ ಕಾರ್ಖಾನೆಯವರು. ಓರೆಸ್ಟ್‌ಗೆ ಸೋತರೂ ಒಂದೇ, ಗೆದ್ದರೂ ಒಂದೇ. ತಿನ್ನಲು ಏನಾದರೂ ಸಿಕ್ಕರೆ ಸಾಕು. ಡೋನಾ ಹಾಗಲ್ಲ. ಸೋತಾಗಲೆಲ್ಲ ಅವನ ಕಿವಿ ಕೆಂಪಾಗುತ್ತಿತ್ತು, ಅದನ್ನು ನೋಡುವುದೆಂದರೆ ಆರ್ವೊಗೆ ಖುಷಿ. ಇರುವ ಮಾತು ಹೇಳಬೇಕಲ್ಲ.

ಮುಷ್ಕರದ ಚಳಿಗಾಲದಲ್ಲಿ ಒಮ್ಮೆ ಡೋನಾ ಸೋತು, ಜೇಬಿನಲ್ಲಿ ಏನೂ ಇಲ್ಲದೆ ನಿಂತ.

“ಇದೊಂದ್ ವಾರ ಬಿಟ್ಬಿಡು ಮಾರಾಯಾ. ಮನೇಲಿ ಹಾಲಿಗೂ ದುಡ್ಡಿಲ್ಲ.”

“ಹಾಲಿಗಿಲ್ದೋನು ಆಟಕ್ಕೆ ಯಾಕೋ ಬಂದೆ? ನಾನೇನು ನಿನ್ನನ್ನ ಕರ್ಕೊಂಡ್ ಬಂದ್ನಾ?”

ಡೋನಾ ತನ್ನ ಸ್ವಂತ ಆಟದ ಕೋಲನ್ನು ಕೌಂಟರಿನಲ್ಲಿ ಒತ್ತೆ ಇಟ್ಟ. ಮುಷ್ಕರ ಮುಗಿಯುವ ತನಕ ಪೂಲ್ ಹಾಲಿನವರ ಸೊಟ್ಟ ಕೋಲಿನಲ್ಲೇ ಆಡಿದ, ಸೊಟ್ಟ ಕೋಲಿನಲ್ಲೇ ಸೋತ. ಪಾಪ ಎಂದು ಆರ್ವೊಗೆ ಅನ್ನಿಸಲಿಲ್ಲ. ಅಂದು ರಾತ್ರಿ ಚೆನ್ನಾಗಿ ಉಂಡು ನಿದ್ದೆ ಹೊಡೆದ.

ವಯಸ್ಸು ಎಪ್ಪತ್ತು ದಾಟಿದ ಮೇಲೆ ಆ ಕೈಗೆ ನಡುಕ ಹತ್ತಿತು. ಮೊದಲು ಬರೀ ಹೆಬ್ಬೆರಳು, ಆಮೇಲೆ ಮಣಿಕಟ್ಟಿನ ತನಕ. ಡಾಕ್ಟರು ಕಾಯಿಲೆಗೆ ಒಂದು ಹೆಸರು ಹೇಳಿ ಮಾತ್ರೆ ಬರೆದುಕೊಟ್ಟರು. ಮಾತ್ರೆ ನುಂಗಿದರೂ ಕೋಲಿನ ತುದಿ ಬಿಳಿ ಚೆಂಡಿನ ಮುಂದೆ ನೊಣದ ಹಾಗೆ ಆಡುತ್ತಲೇ ಇತ್ತು. ಆರ್ವೊ ಸೋಲತೊಡಗಿದ. ಸೋಲು ಸಹಿಸಲಾಗದಿದ್ದರೂ ಪರ್ಸು ತೆಗೆದು ಕೌಂಟರಿಗೆ ಹೋಗುವಾಗ ತಲೆ ತಗ್ಗಿಸುತ್ತಿರಲಿಲ್ಲ. ಕೊಡುವ ತನಕ ತಾನೂ ಆಟಗಾರನೇ ಎಂಬ ಧೈರ್ಯ ಅವನದು.

ಎಲೆ ಉದುರುವ ಕಾಲಕ್ಕೆ ಡೋನಾ ಹೊಸ ರಾಗ ತೆಗೆದ. “ನಮಗೆಲ್ಲ ಪಿಂಚಣಿ ಬರುತ್ತಪ್ಪಾ, ಈ ಲೆಕ್ಕಾಚಾರ ಯಾಕೆ? ಆಮೇಲೆ ನೋಡ್ಕೊಳ್ಳೋಣ ಬಿಡು.” ಆ ಆಮೇಲೆ ಎಂಬುದು ಬರಲೇ ಇಲ್ಲ. ಆರ್ವೊ ಕೌಂಟರಿಗೆ ಹೋದಾಗಲೆಲ್ಲ ಬಾಡಿಗೆ ಸಂದಾಯವಾಗಿರುತ್ತಿತ್ತು. ಯಾರೋ ಮುಂದಾಗಿ ಕೊಟ್ಟರು, ಮುಂದಿನ ಸಲ ನಾನು ಕೊಟ್ಟರಾಯಿತು ಎಂದುಕೊಂಡ. ನಡುವೆ ಒಂದು ಗುರುವಾರ ಅವನೇ ಗೆದ್ದ! ಸಾಲಾಗಿ ಎರಡು ಆಟ! ಆ ಸಂತೋಷಕ್ಕೆ ಗುಲಾಬಿ ಸಕ್ಕರೆ ಮೆತ್ತಿದ ಬನ್ನು ತರಿಸಿ ಅಲ್ಲಿದ್ದವರಿಗೆಲ್ಲ ಹಂಚಿದ.

ಹಿಮ ಬಿದ್ದ ಮೇಲೆ ಒಂದು ದಿನ ಡೋನಾಗಿಂತ ಮೊದಲು ಕೌಂಟರಿಗೆ ಹೋಗಬೇಕೆಂದು ಹಟ ಹಿಡಿದು, ಆಟ ಮುಗಿಯುತ್ತಲೇ ದಾಪುಗಾಲು ಹಾಕಿದ. ಕೌಂಟರಿನ ಲೆನೋರ್ ಕಾಫಿ ಕಪ್ಪು ತೊಳೆಯುತ್ತಿದ್ದಳು.

“ಕೊಟ್ಟಾಗಿದೆಯಲ್ಲ ಆರ್ವೊ.”

“ಯಾವಾಗ ಕೊಟ್ಟ? ಈಗಷ್ಟೇ ತಾನೇ ಮುಗ್ಸಿದ್ದು?”

“ಅವನು ಬಂದ ತಕ್ಷಣ ಕೊಟ್ಬಿಡ್ತಾನಲ್ಲ. ಪ್ರತೀ ವಾರಾನೂ.” ಹೇಳಿದ ಮೇಲೆ ಲೆನೋರ್ ನಾಲಿಗೆ ಕಚ್ಚಿಕೊಂಡಳು.

“ನಾನು ಗೆದ್ದೆನಲ್ಲ, ಅವತ್ತೂ?”

ಅವಳು ಕಪ್ಪನ್ನೇ ಉಜ್ಜುತ್ತಾ ನಿಂತಳು. ಅಷ್ಟು ಸಾಕಾಯಿತು. ಆಟಕ್ಕೆ ಮೊದಲೇ ಬಾಡಿಗೆ ಕೊಟ್ಟ ಮೇಲೆ ಯಾರು ಸೋತರೇನು, ಯಾರು ಗೆದ್ದರೇನು? ಇಷ್ಟು ದಿನ ಮಗುವಿನ ಕೈಗೆ ಆಟಿಕೆ ಕೊಟ್ಟಂತೆ ಅವನ ಕೈಗೆ ಕೋಲು ಕೊಟ್ಟು ಕುಣಿಸಿದ್ದರು. ಆ ಎರಡು ಆಟಗಳನ್ನೂ ಬಿಟ್ಟುಕೊಟ್ಟಿದ್ದರು. ಛೆ, ಅದಕ್ಕೆ ಬನ್ನು ಬೇರೆ ಹಂಚಿದ್ದ! ಡೋನಾ ಸೇಡು ತೀರಿಸಿಕೊಂಡಿದ್ದರೆ ಒಪ್ಪಬಹುದಿತ್ತು. ಅವನು ಕನಿಕರ ಪಟ್ಟಿದ್ದ. ಒತ್ತೆ ಇಟ್ಟ ಕೋಲನ್ನು ಮರೆತು, ಒಳ್ಳೆಯ ಮನಸ್ಸಿನಿಂದಲೇ ಕನಿಕರ ಪಟ್ಟಿದ್ದ.

ಆರ್ವೊ ಮೇಜಿಗೆ ಮರಳಿ ಕೋಲನ್ನು ನೆಲಕ್ಕೆ ಕುಟ್ಟಿದ.

“ಲೋ ಡೋನಾ, ಹಾಕು ಚೆಂಡು. ಒಂದೇ ಆಟ. ಸೋತೋನು ಕೊಡ್ಬೇಕು, ಇವತ್ತಿನದು ಪೂರ್ತಿ. ನೀನು ಕೊಟ್ಟಿದ್ದನ್ನ ಲೆನೋರ್ ಹತ್ರ ವಾಪಸ್ ಇಸ್ಕೋ.”

ಡೋನಾ ಓರೆಸ್ಟ್‌ನ ಮುಖ ನೋಡಿದ. ಓರೆಸ್ಟ್ ಬಾಯಿತುಂಬ ತಿಂಡಿ ತುಂಬಿಕೊಂಡು ಗೋಡೆ ನೋಡಿದ.

“ಯಾಕಪ್ಪಾ ಈಗ ಇದೆಲ್ಲ…” ಎಂದ ಡೋನಾ.

“ಬೇಕಂತ ಗುರಿ ತಪ್ಪಿಸಿದ್ಯೋ, ಈ ಜನ್ಮದಲ್ಲಿ ನಿನ್ನ ಮುಖ ನೋಡಲ್ಲ. ನಿಮ್ಮಮ್ಮನ ಆಣೆ ಹಾಕು.”

ಡೋನಾ ಆಣೆ ಹಾಕಿದ, ಆಣೆಗೆ ತಕ್ಕಂತೆ ಆಡಿದ. ಒಂದಾದ ಮೇಲೊಂದು ಚೆಂಡು ಮೇಜಿನ ಕುಳಿಗೆ ಬೀಳಿಸಿ, ಕೊನೆಯ ಕಪ್ಪು ಚೆಂಡನ್ನು ಮೂಲೆಗೆ ಅಟ್ಟಿದ. ಆರ್ವೊಗೆ ಸಿಕ್ಕಿದ್ದು ಬರೀ ಎರಡು ಅವಕಾಶ. ಹೀನಾಯವಾಗಿ ಸೋತಿದ್ದ, ಆದರೂ ಎದೆ ಹಗುರಾಯಿತು.

“ಹಂಗೆ ಬಾ ದಾರಿಗೆ! ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ಯೋ ಈ ಆಟಾನ?” ಎಂದು ನಕ್ಕು, ಇಪ್ಪತ್ತು ಡಾಲರಿನ ಎರಡು ನೋಟುಗಳನ್ನು ಸೇರಿಸಿ ಮಡಚಿ ಲೆನೋರ್‌ಳ ಅಂಗೈಗೆ ಒತ್ತಿದ. ಅವಳು ತೆಗೆದುಕೊಂಡಳು. ಬೆಂಚಿನ ಮೇಲೆ ಕೂತು ಅವನು ಬೂಟು ಹಾಕಿಕೊಳ್ಳುವಾಗ ಡೋನಾ ಕೌಂಟರಿನಲ್ಲಿ ಏನೋ ಮಾತಾಡುತ್ತಿದ್ದ. ಆಮೇಲೆ ಬಂದು ಕೋಟನ್ನು ಹಿಡಿದ. ಎಂದೂ ಯಾರಿಂದಲೂ ಕೋಟು ಹಾಕಿಸಿಕೊಳ್ಳದ ಆರ್ವೊ, ಇವತ್ತು ಗೆದ್ದವನಲ್ಲವೇ ಹಿಡಿಯಲಿ ಎಂದು ತೋಳು ಚಾಚಿದ.

ಬಸ್ ನಿಲ್ದಾಣದಲ್ಲಿ ಗ್ಲೌಸು ಹುಡುಕಿ ಕೋಟಿನ ಜೇಬಿಗೆ ಕೈ ಹಾಕಿದಾಗ ನೋಟುಗಳು ಸಿಕ್ಕವು. ಎರಡೂ ಇದ್ದವು, ಅವನು ಮಡಚಿದ ಹಾಗೆಯೇ.

ಸೋಲನ್ನೂ ಕಿತ್ತುಕೊಂಡರಲ್ಲಾ ಪಾಪಿಗಳು! ಹಿಂದಿರುಗಿ ಹೋಗಿ ಡೋನಾನ ಮುಖಕ್ಕೆ ಎಸೆಯೋಣವೆಂದರೆ ಬಸ್ಸು ಬಂದೇಬಿಟ್ಟಿತು. ಹತ್ತಿದವನು ಒಂದು ನೋಟನ್ನು ಟಿಕೆಟ್ಟಿನ ಹಣ ಹಾಕುವ ಪೆಟ್ಟಿಗೆಯ ಮೇಲೆ ಹಿಡಿದ.

“ಅಯ್ಯೋ ತಾತ, ಇದು ಚಿಲ್ಲರೆ ಕೊಡಲ್ಲ,” ಎಂದಳು ಬಸ್ಸು ಓಡಿಸುವ ಹುಡುಗಿ. “ಪರವಾಗಿಲ್ಲ, ಇವತ್ತೊಂದಿನ ಹಾಗೇ ಬನ್ನಿ.”

“ಹಾಗೇ ಬನ್ನಿ ಅನ್ನೋಕೆ ನೀನ್ಯಾರಮ್ಮಾ? ಚಿಲ್ಲರೆ ಕೇಳಿದ್ನಾ ನಾನು?”

ನೋಟು ಸೀಳಿಗೆ ಹೋಗಲೊಲ್ಲದು. ಕೈ ಒಮ್ಮೆ ಆ ಕಡೆ ಬಡಿಯಿತು, ಒಮ್ಮೆ ಈ ಕಡೆ. ಹುಡುಗಿ ಸಹಾಯಕ್ಕೆಂದು ಕೈ ಚಾಚಿದಳು, “ಮುಟ್ಟಬೇಡ!” ಎಂದು ಗದರಿದ. ಇನ್ನೊಂದು ಕೈಯಿಂದ ಮಣಿಕಟ್ಟನ್ನು ಅದುಮಿ ಹಿಡಿದು ಮತ್ತೆ ಹಾಕಲು ನೋಡಿದ, ಮತ್ತೆ ತಪ್ಪಿತು. ಅವನ ಹಿಂದೆ ಹಿಮದಲ್ಲಿ ಸಾಲು ನಿಂತಿತ್ತು, ಬಸ್ಸಿನೊಳಗೆ ಜನ ಮನೆಗೆ ಹೋಗುವ ಅವಸರದಲ್ಲಿದ್ದರು. ಒಬ್ಬರಾದರೂ ಅವನನ್ನು ಬೈಯಲಿಲ್ಲ.